ಬೆಳ್ಳಿ ಕೆಲಸ ಕಲಿಯಬೇಕೇ? ತಾಮ್ರದ ಕಾಲುಂಗುರದಿಂದ ಶುರು ಮಾಡಿ

"ಮನೆಯಲ್ಲೇ ಬೆಳ್ಳಿ ಒಡವೆ ಮಾಡೋದು ಕಲಿಯಬೇಕು, ಯಾವ ಟಾರ್ಚ್ ತಗೊಳ್ಳಲಿ?" ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಟಾರ್ಚ್, ಅಂದರೆ ಲೋಹ ಕಾಯಿಸುವ ಗ್ಯಾಸ್ ಜ್ವಾಲೆಯ ಉಪಕರಣ, ಅದರ ವಿಷಯ ಆಮೇಲೆ ನೋಡೋಣ. ಮೊದಲು ಏನು ಮಾಡುತ್ತೀರಿ ಅನ್ನೋದು ತೀರ್ಮಾನವಾಗಲಿ.

ನನ್ನ ಸಲಹೆ ಇದು: ಮೊದಲ ಒಡವೆ ಎರಡು ಸುತ್ತಿನ ಕಾಲುಂಗುರ. ಅದೂ ತಾಮ್ರದಲ್ಲಿ. ಕಾಲುಂಗುರಕ್ಕೆ ಬೆಸುಗೆ ಬೇಡ, ತುದಿ ತೆರೆದೇ ಇರುತ್ತದೆ. ಲೋಹ ಕಡಿಮೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಜೋಡಿ. ಒಂದು ಚಂದ ಬರುವುದು ಅದೃಷ್ಟ ಇರಬಹುದು. ಅದರಂಥದ್ದೇ ಇನ್ನೊಂದು ಬಂದಾಗ ಮಾತ್ರ ಕೈಗೆ ಕೆಲಸ ಹತ್ತುತ್ತಿದೆ ಅನ್ನಬಹುದು. ಹೊಸಬರು ಯೂಟ್ಯೂಬ್ ನೋಡಿ ನೇರ ಹರಳಿನ ಉಂಗುರಕ್ಕೆ ಕೈ ಹಾಕುತ್ತಾರೆ. ಹರಳು ಕೂರಿಸುವುದು, ಬೆಸುಗೆ, ಪಾಲಿಶ್ ಎಲ್ಲ ಒಟ್ಟಿಗೇ ಕೆಟ್ಟರೆ ಯಾವುದು ಎಲ್ಲಿ ತಪ್ಪಿತು ಅಂತಲೇ ಗೊತ್ತಾಗುವುದಿಲ್ಲ.

ಏನೇನು ಬೇಕು

ಪಟ್ಟಿ ಉದ್ದ ಮಾಡಬೇಡಿ. ಆನ್‌ಲೈನ್‌ನಲ್ಲಿ ಸಿಗುವ ನೂರಾರು ಸಾಮಾನಿನ ಕಿಟ್ ಬೇಡವೇ ಬೇಡ. ಅದರಲ್ಲಿ ಅರ್ಧ ಸಾಮಾನು ನೀವು ಮುಟ್ಟುವುದಿಲ್ಲ, ಮುಟ್ಟುವ ಇನ್ನರ್ಧ ಬೇಗ ಸವೆಯುತ್ತದೆ.

ಒಂದು ಒಡವೆ ಗರಗಸ, ಅದಕ್ಕೆ 2/0 ನಂಬರಿನ ಬ್ಲೇಡು ಒಂದು ಡಜನ್. ಬ್ಲೇಡು ಮುರಿಯುತ್ತವೆ, ಅದು ಸಹಜ. ಒಂದು ಚಪ್ಪಟೆ ಅರ, ಒಂದು ಅರ್ಧಗೋಲದ ಅರ. ನಮ್ಮ ಕಡೆ ಕಾನಸ ಅಂತಾರಲ್ಲ, ಅದೇ. ಹಲ್ಲಿಲ್ಲದ ಎರಡು ಇಕ್ಕಳ: ಹಲ್ಲಿರುವ ಇಕ್ಕಳ ಹಿಡಿದಲ್ಲೆಲ್ಲ ಗಾಯ ಮಾಡುತ್ತದೆ. ಕಟ್ಟಿಗೆಯ ಅಥವಾ ನೈಲಾನಿನ ಕೊಡತಿ. ಉಂಗುರದ ಅಳತೆಯ ಉಕ್ಕಿನ ಕೋಲು, ಅಂದರೆ ಮ್ಯಾಂಡ್ರೆಲ್. ಸಣ್ಣ ಬ್ಯುಟೇನ್ ಟಾರ್ಚ್. ಒಂದು ಚಿಮಟ. ಬಿಳಿಗಾರ (ಬೋರಾಕ್ಸ್), ಬೆಳ್ಳಿ ಬೆಸುಗೆ (ಲೋಹದ ತುದಿ ಕೂಡಿಸಲು ಕರಗಿಸುವ ಬೆಳ್ಳಿ ಮಿಶ್ರಲೋಹ), ನೀರು ಹಚ್ಚಿ ಉಜ್ಜುವ ಎಮರಿ ಕಾಗದ. ಅಳತೆಗೆ ಒಂದು ವರ್ನಿಯರ್ ಕ್ಯಾಲಿಪರ್. ಕಣ್ಣಿಗೆ ಕನ್ನಡಕ.

ಬೆಳಗಾವಿಯವರು ಸಣ್ಣ ಸಾಮಾನಿಗೆ ಮೊದಲು ಶಹಾಪುರದ ಸರಾಫ್ ಗಲ್ಲಿಯಲ್ಲಿ ವಿಚಾರಿಸಿ. ಬಡಿಯಲು ಒಂದು ನುಣುಪಾದ ಉಕ್ಕಿನ ತುಂಡು ಬೇಕು. ಅದಕ್ಕೆ ಹೊಸ ಅಡಿಗಲ್ಲು ಕೊಳ್ಳುವ ಅಗತ್ಯ ಇಲ್ಲ. ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಯಾವುದಾದರೂ ಮಷಿನ್ ಶಾಪಿನಲ್ಲಿ ಅಂಗೈ ಅಗಲದ ಉಕ್ಕಿನ ಉಳಿಕೆ ತುಂಡಿಗೆ ಒಂದು ಮುಖ ನುಣುಪು ಮಾಡಿಸಿಕೊಳ್ಳಿ. ಭಟ್ಟಿಗೆ ಹಾಕುವ ಹಗುರ ಇಟ್ಟಿಗೆಯನ್ನೂ ಅಲ್ಲೇ ಫೌಂಡ್ರಿಗಳ ಕಡೆ ಕೇಳಿ. ಬೆಸುಗೆ ಹಾಕುವಾಗ ಒಡವೆಯನ್ನು ಇಡುವುದು ಅದರ ಮೇಲೆ. ಮನೆಯ ಫರಸಿ ಮೇಲೆ, ಸಿಮೆಂಟಿನ ಮೇಲೆ, ಹಸಿ ಇಟ್ಟಿಗೆ ಮೇಲೆ ಟಾರ್ಚ್ ಹಿಡಿಯಲೇಬೇಡಿ. ಒಳಗಿನ ತೇವ ಕಾದು ಕಲ್ಲು ಚೂರಾಗಿ ಮುಖಕ್ಕೆ ಸಿಡಿಯಬಹುದು.

ಜಾಗದ ಬಗ್ಗೆ ಎರಡು ಮಾತು. ಗಾಳಿ ಆಡುವ ಕೋಣೆ ಬೇಕು, ಆದರೆ ಫ್ಯಾನ್ ಜ್ವಾಲೆಗೆ ಬಡಿಯಬಾರದು. ಬಿಸಿಲಲ್ಲಿ ಕೂತರೆ ಲೋಹ ಕೆಂಪಾಗಿದ್ದು ಕಾಣುವುದೇ ಇಲ್ಲ, ಹಾಗಾಗಿ ಸ್ವಲ್ಪ ನೆರಳಿನ ಮೂಲೆ ಹುಡುಕಿ. ನೈಲಾನ್ ದುಪಟ್ಟಾ, ಪಾಲಿಸ್ಟರ್ ಶರ್ಟ್ ಬೇಡ. ಸೆರಗು ಸಿಕ್ಕಿಸಿ, ಕೂದಲು ಕಟ್ಟಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

1. ತಾಮ್ರದ ತಂತಿ ತನ್ನಿ, ಅಳತೆ ಮಾಡಿ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್‌ಗೆ ಬಳಸುವ ಬರಿ ತಾಮ್ರದ ತಂತಿ ಕೇಳಿ. 14 ಗೇಜ್ ಅಂದರೆ ಹತ್ತಿರ ಹತ್ತಿರ 2 ಮಿ.ಮೀ ದಪ್ಪ. ಮೋಟಾರ್ ವೈಂಡಿಂಗ್ ತಂತಿ ಬೇಡ. ಅದರ ಮೇಲೆ ವಾರ್ನಿಶ್ ಇರುತ್ತದೆ, ಸುಟ್ಟರೆ ಕೆಟ್ಟ ಹೊಗೆ.

ಕಾಲ್ಬೆರಳಿಗೆ ಕಾಗದದ ಪಟ್ಟಿ ಸುತ್ತಿ ಅಳತೆ ತೆಗೆಯಿರಿ. ಸಂಜೆ ತೆಗೆದರೆ ಒಳ್ಳೆಯದು, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಪಟ್ಟಿಯ ಉದ್ದವನ್ನು 3.14ರಿಂದ ಭಾಗಿಸಿದರೆ ಉಂಗುರದ ಒಳಗಿನ ಅಗಲ ಸಿಗುತ್ತದೆ. ಇಲ್ಲಿ ಹೆಚ್ಚಿನವರು ತಪ್ಪುವ ಲೆಕ್ಕ ಒಂದಿದೆ. ಒಳಗಿನ ಅಗಲವನ್ನಷ್ಟೇ 3.14ರಿಂದ ಗುಣಿಸಿದರೆ ಉಂಗುರ ಬಿಗಿಯಾಗುತ್ತದೆ. ಒಳಗಿನ ಅಗಲಕ್ಕೆ ತಂತಿಯ ದಪ್ಪ ಕೂಡಿಸಿ, ಆಮೇಲೆ ಗುಣಿಸಬೇಕು. ಒಳ ಅಗಲ 15 ಮಿ.ಮೀ, ತಂತಿ 2 ಮಿ.ಮೀ ಇದ್ದರೆ 17 × 3.14, ಅಂದರೆ ಒಂದು ಸುತ್ತಿಗೆ ಸುಮಾರು 53 ಮಿ.ಮೀ. ಎರಡು ಸುತ್ತಿಗೆ 107. ಈ ಲೆಕ್ಕ ಕಡಗಕ್ಕೂ ಇದೇ, ಉಂಗುರಕ್ಕೂ ಇದೇ.

2. ಗರಗಸ ಹಿಡಿಯಿರಿ

ತಂತಿಯನ್ನು ಇಕ್ಕಳದಲ್ಲಿ ಕತ್ತರಿಸಿದರೆ ತುದಿ ಚಿವುಟಿದ ಹಾಗೆ ಆಗುತ್ತದೆ. ಗರಗಸದಲ್ಲೇ ಕೊಯ್ಯಿರಿ. ಬ್ಲೇಡಿನ ಹಲ್ಲು ಹೊರಮುಖವಾಗಿ, ಹಿಡಿಕೆಯ ಕಡೆ ಇಳಿದಿರಬೇಕು. ಬೆರಳಿಂದ ಮೀಟಿದರೆ "ಟಿಂಗ್" ಅನ್ನಬೇಕು. ಸಡಿಲ ಇದ್ದರೆ ಮುರಿಯುವುದು ಖಂಡಿತ. ಬ್ಲೇಡಿಗೆ ಸ್ವಲ್ಪ ಜೇನುಮೇಣ ಸವರಿ. ಗರಗಸ ನೆಟ್ಟಗೆ ನಿಲ್ಲಲಿ. ಕೆಳಗೆ ಎಳೆಯುವಾಗ ಮಾತ್ರ ಕೊಯ್ಯುತ್ತದೆ, ಹಾಗಾಗಿ ಒತ್ತಬೇಡಿ. ಒತ್ತುವ ಕೈಯೇ ಬ್ಲೇಡು ಮುರಿಯುವುದು.

ಕೊಯ್ದ ತುದಿಗಳನ್ನು ಅರದಿಂದ ಗುಂಡಗೆ ಮಾಡಿ. ಕಾಲುಂಗುರದ ತುದಿ ಚೂಪಾಗಿ ಉಳಿದರೆ ಪಕ್ಕದ ಬೆರಳು ಗೀರುತ್ತದೆ, ಸೀರೆಯ ಅಂಚಿಗೂ ಸಿಗುತ್ತದೆ.

3. ಹದ ಕಾಯಿಸಿ

ಬಡಿದಂತೆ, ಬಗ್ಗಿಸಿದಂತೆ ಲೋಹ ಗಡುಸಾಗುತ್ತದೆ. ಅದನ್ನು ಮತ್ತೆ ಮೆತ್ತಗೆ ಮಾಡಲು ಕಾಯಿಸಿ ಆರಿಸುವುದಕ್ಕೆ ಹದ ಕಾಯಿಸುವುದು ಅನ್ನೋಣ. ಪುಸ್ತಕಗಳಲ್ಲಿ ಇದನ್ನೇ ಅನೀಲಿಂಗ್ ಅಂತಾರೆ. ತಂತಿಯನ್ನು ಸಣ್ಣ ಸುರುಳಿ ಮಾಡಿ ಇಟ್ಟಿಗೆ ಮೇಲಿಡಿ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸಿ. ಮಂದ ಕೆಂಪು ಬಂತೋ, ಜ್ವಾಲೆ ತೆಗೆಯಿರಿ. ಚಿಮಟದಲ್ಲಿ ಹಿಡಿದು ನೀರಿಗೆ ಹಾಕಿ.

ಬೆಳ್ಳಿಯಲ್ಲಿ ಈ ಹದ ಸುಮಾರು 600ರಿಂದ 650 ಡಿಗ್ರಿ. ಕಣ್ಣು ಪಳಗುವ ತನಕ ಒಂದು ಉಪಾಯ ಇದೆ. ಲೋಹದ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮಾಯವಾದಾಗ ಹದ ಹತ್ತಿರ ಬಂದಿದೆ ಅಂತ ತಿಳಿಯಿರಿ.

ತಂತಿ ಬಗ್ಗಿಸುವಾಗ ಕೈಗೆ ಎದುರು ಕೊಡಲು ಶುರು ಮಾಡಿದರೆ ನಿಲ್ಲಿಸಿ, ಮತ್ತೆ ಹದ ಕಾಯಿಸಿ. "ಇನ್ನೊಂದು ಏಟು ಹಾಕೋಣ" ಅಂದುಕೊಂಡಾಗಲೇ ಬಿರುಕು ಬರುವುದು.

4. ಸುತ್ತಿ, ಬಡಿದು, ಜೋಡಿ ಮಾಡಿ

ತಂತಿಯ ನಡುವನ್ನು ಮ್ಯಾಂಡ್ರೆಲಿನ ಸರಿಯಾದ ಅಳತೆಗೆ ಇಟ್ಟು ಎರಡೂ ಕಡೆಯಿಂದ ಬಗ್ಗಿಸುತ್ತಾ ಬನ್ನಿ. ಸುತ್ತುಗಳು ಒಂದಕ್ಕೊಂದು ಅಂಟಿ ಕೂರಲಿ. ಕೊಡತಿಯಿಂದ ಮೆಲ್ಲಗೆ ಸುತ್ತಲೂ ಬಡಿಯಿರಿ. ಕೋಲು ಒಂದು ಕಡೆ ಸಣ್ಣ, ಇನ್ನೊಂದು ಕಡೆ ದಪ್ಪ ಇರುತ್ತದೆ. ಹಾಗಾಗಿ ಉಂಗುರವನ್ನು ಆಗಾಗ ತಿರುಗಿಸಿ ಹಾಕದಿದ್ದರೆ ಅದೂ ಹಾಗೇ ಆಗುತ್ತದೆ. ಕಡೆಯ ಸಲ ಬಡಿದ ಮೇಲೆ ಹದ ಕಾಯಿಸಬೇಡಿ. ಆ ಗಡಸುತನದಿಂದಲೇ ಕಾಲುಂಗುರ ಬೆರಳನ್ನು ಹಿಡಿದು ನಿಲ್ಲುತ್ತದೆ.

ಈಗ ಎರಡನೆಯದು ಮಾಡಿ. ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಕ್ಯಾಲಿಪರ್ ಹಿಡಿದು ಅಗಲ ನೋಡಿ, ತುದಿಗಳ ನಡುವಿನ ಅಂತರ ನೋಡಿ. ಹೊಂದಲಿಲ್ಲ ಅಂದರೆ ಮೂರನೆಯದು. ತಾಮ್ರದ ತಂತಿಗೆ ಹೋಗುವ ದುಡ್ಡು ಕಡಿಮೆ, ಹಾಗಾಗಿ ಜಿಪುಣತನ ಬೇಡ. ಕಣ್ಣು ಮುಚ್ಚಿ ಮುಟ್ಟಿದಾಗ ಯಾವುದು ಯಾವುದು ಅಂತ ಗೊತ್ತಾಗದಷ್ಟು ಒಂದೇ ತರ ಬಂದ ಮೇಲೆ ಮುಂದಕ್ಕೆ ಹೋಗಿ.

5. ಬೆಸುಗೆ: ಇಲ್ಲಿ ನಿಧಾನ ಮಾಡಿ

ಈ ಹಂತಕ್ಕೆ ಎಷ್ಟು ದಿನ ಕೊಟ್ಟರೂ ಕಡಿಮೆಯೇ. ಮುಂದಿನ ಎಲ್ಲ ಒಡವೆ ನಿಂತಿರುವುದು ಇದರ ಮೇಲೆ.

ಅದೇ ತಂತಿಯಿಂದ ಬೆರಳ ಉಂಗುರದ ಅಳತೆಯ ಒಂದು ಸುತ್ತು ಮಾಡಿ. ಎರಡು ತುದಿ ಪೂರ್ತಿ ಕೂಡಬೇಕು. ಬೆಳಕಿಗೆ ಹಿಡಿದು ನೋಡಿ: ಒಂದು ಎಳೆ ಬೆಳಕು ಕಂಡರೂ ಮತ್ತೆ ಅರ ಹಚ್ಚಿ ಕೂಡಿಸಿ. ಬೆಸುಗೆ ಸಂದು ತುಂಬುವುದಿಲ್ಲ. ಅದು ಕೂಡಿದ ಜಾಗದಲ್ಲಿ ಹರಿಯುತ್ತದೆ, ಅಷ್ಟೇ. ಕೈಯ ಎಣ್ಣೆ ತಾಗಿದ ಕಡೆ ಹರಿಯುವುದೂ ಇಲ್ಲ. ಹಾಗಾಗಿ ಎಮರಿ ಹಚ್ಚಿ ಚೊಕ್ಕ ಮಾಡಿ, ಆಮೇಲೆ ಬೆರಳು ಮುಟ್ಟಿಸಬೇಡಿ.

ಬಿಳಿಗಾರವನ್ನು ಸ್ವಲ್ಪ ನೀರಿನಲ್ಲಿ ತೇಯ್ದು ಹಾಲಿನ ಹದಕ್ಕೆ ತನ್ನಿ. ಕಾಯುವ ಲೋಹಕ್ಕೆ ಗಾಳಿ ತಾಗದ ಹಾಗೆ ಅದು ಕಾಪಾಡುತ್ತದೆ. ಬ್ರಷ್‌ನಿಂದ ಕೂಡಿಕೆಗೆ ಹಚ್ಚಿ. ಬೆಸುಗೆಯನ್ನು ಒಂದು ಮಿ.ಮೀ ಚದರದ ತುಣುಕು ಮಾಡಿ, ಒಂದೇ ಒಂದು ತುಣುಕನ್ನು ಕೂಡಿಕೆಯ ಕೆಳಗಿಡಿ.

ಈಗ ಜ್ವಾಲೆ. ಬೆಸುಗೆಯನ್ನು ಕಾಯಿಸಬೇಡಿ, ಉಂಗುರವನ್ನು ಕಾಯಿಸಿ. ಕೂಡಿಕೆಯ ಎದುರು ಕಡೆಯಿಂದ ಶುರು ಮಾಡಿ, ಸುತ್ತ ಆಡಿಸುತ್ತಾ ಬನ್ನಿ. ಮೊದಲು ಬಿಳಿಗಾರ ಉಬ್ಬಿ ಬಿಳಿ ನೊರೆ ಬರುತ್ತದೆ. ತುಣುಕು ಜಾಗ ಬಿಟ್ಟರೆ ಒಂದು ಉಕ್ಕಿನ ಸೂಜಿಯಿಂದ ಮರಳಿ ತಳ್ಳಿ. ನೊರೆ ಕೂತು ಗಾಜಿನ ತರ ತಿಳಿಯಾಗುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ತುಣುಕು ಕುಸಿದು, ಫಳ್ಳನೆ ಒಂದು ಬೆಳ್ಳಿ ಗೆರೆ ಕೂಡಿಕೆಯ ಉದ್ದಕ್ಕೂ ಓಡುತ್ತದೆ. ಆ ಗೆರೆ ಕಂಡ ಕ್ಷಣ ಜ್ವಾಲೆ ತೆಗೆಯಿರಿ. ಇನ್ನೊಂದು ಕ್ಷಣವೂ ಬೇಡ.

ಬೆಸುಗೆ ಯಾವಾಗಲೂ ಜಾಸ್ತಿ ಬಿಸಿ ಇರುವ ಕಡೆಗೆ ಓಡುತ್ತದೆ. ಒಂದು ತುದಿಗೆ ಮಾತ್ರ ಏರಿ ಕೂತಿದ್ದರೆ ಇನ್ನೊಂದು ತುದಿ ತಣ್ಣಗಿತ್ತು ಅಂತ ಅರ್ಥ. ಗುಂಡಾಗಿ ಉಂಡೆ ಕಟ್ಟಿ ಹರಿಯದಿದ್ದರೆ ಕೊಳೆ ಇದೆ, ಇಲ್ಲವೇ ಬಿಳಿಗಾರ ಸುಟ್ಟು ಮುಗಿದಿದೆ. ಆಗ ಬಿಸಿ ಹೆಚ್ಚಿಸಿ ಪ್ರಯೋಜನ ಇಲ್ಲ. ಆರಿಸಿ, ತೊಳೆದು, ಮೊದಲಿನಿಂದ ಮಾಡಿ.

ತಾಮ್ರದಲ್ಲಿ ಯಾಕೆ ಕಲಿಯಿರಿ ಅನ್ನುತ್ತೇನೆ ಅಂದರೆ, ತಾಮ್ರ ಕರಗುವುದು 1085 ಡಿಗ್ರಿಗೆ. 925 ಬೆಳ್ಳಿ, ಅಂದರೆ ಒಡವೆಗೆ ಬಳಸುವ ತಾಮ್ರ ಬೆರೆತ ಬೆಳ್ಳಿ, ಸುಮಾರು 800ಕ್ಕೇ ಕರಗಲು ಶುರುವಾಗಿ 893ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಸಾಮಾನ್ಯ ಬೆಳ್ಳಿ ಬೆಸುಗೆ ಹರಿಯುವುದು 700ರಿಂದ 780ರ ಒಳಗೆ. ಅಂತರ ಎಷ್ಟು ಸಣ್ಣದು ನೋಡಿ! ತಾಮ್ರ ನಿಮ್ಮ ತಪ್ಪು ತಡೆದುಕೊಳ್ಳುತ್ತದೆ, ಬೆಳ್ಳಿ ತಡೆಯುವುದಿಲ್ಲ. ಇನ್ನೊಂದು ಲಾಭ: ಕೆಂಪು ತಾಮ್ರದ ಮೇಲೆ ಬಿಳಿ ಬೆಸುಗೆ ಎಲ್ಲಿವರೆಗೆ ಹರಿದಿದೆ ಅಂತ ಎದ್ದು ಕಾಣುತ್ತದೆ.

ಎಚ್ಚರಿಕೆಗಳು ಮೂರು. ರೇಡಿಯೋ ರಿಪೇರಿಯ ಸೀಸದ ಬೆಸುಗೆ ನಿಮ್ಮ ಮೇಜಿನ ಹತ್ತಿರವೂ ಬರಬಾರದು. ಸೀಸ ತಾಗಿದ ಬೆಳ್ಳಿಯನ್ನು ಕಾಯಿಸಿದರೆ ಅದು ಬೆಳ್ಳಿಯನ್ನೇ ತಿಂದು ಗುಳಿ ಮಾಡುತ್ತದೆ. ಎರಡನೆಯದು ಕ್ಯಾಡ್ಮಿಯಂ. ಕೆಲವು ಅಗ್ಗದ ಬೆಸುಗೆಗಳಲ್ಲಿ ಅದು ಇರುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಕ್ಯಾಡ್ಮಿಯಂ ಇಲ್ಲದ್ದೇ ಕೊಡಿ ಅಂತ ಬಾಯಿಬಿಟ್ಟು ಕೇಳಿ. ಮೂರನೆಯದು, ತುಂಡು ಹಿಡಿದು ಕಟ್ಟಲು ಸತುವು ಬಳಿದ ಬೇಲಿ ತಂತಿ ಬಳಸಬೇಡಿ. ಅದರ ಹೊಗೆಯೂ ಕೆಟ್ಟದ್ದು.

6. ಹುಳಿ ನೀರಿಗೆ ಹಾಕಿ

ಬೆಸುಗೆ ಆದ ಮೇಲೆ ಒಡವೆ ಕಪ್ಪಾಗಿರುತ್ತದೆ, ಬಿಳಿಗಾರ ಗಾಜಿನಂತೆ ಗಟ್ಟಿಯಾಗಿ ಅಂಟಿರುತ್ತದೆ. ಇದನ್ನು ತೆಗೆಯುವ ಹುಳಿ ನೀರಿಗೆ ಪಿಕಲ್ ಅಂತಾರೆ. ಮನೆಯಲ್ಲಿ ಸಿಟ್ರಿಕ್ ಆಸಿಡ್ ಪುಡಿ ಸಾಕು, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದೆ. ಒಂದು ಪಾಲು ಪುಡಿಗೆ ಏಳೆಂಟು ಪಾಲು ನೀರು. ಬಿಸಿ ಇರಲಿ, ಕುದಿಯುವುದು ಬೇಡ. ಪಟಿಕದ ಬಿಸಿ ನೀರಿನಲ್ಲೂ ಆಗುತ್ತದೆ, ತುಸು ನಿಧಾನ. ಈ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಗಂಧಕಾಮ್ಲ, ನೈಟ್ರಿಕ್ ಆಮ್ಲದ ಸಹವಾಸ ಹೊಸಬರಿಗೆ ಬೇಡ.

ಹುಳಿ ನೀರಿಗೆ ಕಬ್ಬಿಣದ ಚಿಮಟ ಹಾಕಬೇಡಿ. ಹಾಕಿದರೆ ನೀರಿನಲ್ಲಿ ಕರಗಿದ್ದ ತಾಮ್ರ ಬೆಳ್ಳಿಯ ಮೇಲೆ ಕೂತು ಒಡವೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿದಿರಿನ ಅಥವಾ ಪ್ಲಾಸ್ಟಿಕ್ ಚಿಮಟ ಇಟ್ಟುಕೊಳ್ಳಿ.

7. ಬೆಳ್ಳಿ ಕೊಳ್ಳಿ

ತಾಮ್ರದ ಉಂಗುರ ಕೋಲಿನ ಮೇಲೆ ಬಡಿದರೂ ಬೆಸುಗೆ ಬಿಡದಷ್ಟು ಕೈ ಕೂತಿತೇ? ಈಗ ಸರಾಫರ, ಅಂದರೆ ಚಿನ್ನ-ಬೆಳ್ಳಿ ವ್ಯಾಪಾರಿಗಳ ಹತ್ತಿರ ಹೋಗಿ. ಎರಡು ಬಗೆ ಕೇಳಿ. 999 ಅಂದರೆ ಚೊಕ್ಕ ಬೆಳ್ಳಿ, ತುಂಬ ಮೆತ್ತಗೆ. 925 ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ದಿನಬಳಕೆ ಒಡವೆಗೆ ಇದು ಸರಿ. 2 ಮಿ.ಮೀ ತಂತಿಯ ಎರಡು ಸುತ್ತಿನ ಕಾಲುಂಗುರಕ್ಕೆ ಸುಮಾರು ಮೂರೂವರೆ ಗ್ರಾಂ, ಜೋಡಿಗೆ 7 ಗ್ರಾಂ ಬೇಕು. 10 ಗ್ರಾಂ ತಂದರೆ ಸಾಕು.

ತಂತಿಯನ್ನು ನೀವೇ ಎಳೆಯಲು ಹೋಗಬೇಡಿ. ಕಂಬಚ್ಚು, ಅಂದರೆ ದೊಡ್ಡದರಿಂದ ಸಣ್ಣದರವರೆಗೆ ತೂತುಗಳಿರುವ ಉಕ್ಕಿನ ತಗಡು, ಪತ್ತಾರರ (ಅಕ್ಕಸಾಲಿಗರ) ಹತ್ತಿರ ಇರುತ್ತದೆ. ಕೂಲಿ ಕೊಟ್ಟು ಎಳೆಸಿಕೊಳ್ಳಿ.

ಅಜ್ಜಿಯ ಹಳೆ ಕಾಲ್ಗೆಜ್ಜೆ ಕರಗಿಸಿ ಶುರು ಮಾಡಲೇ ಅಂತ ಎಷ್ಟೋ ಜನ ಕೇಳುತ್ತಾರೆ. ದಯವಿಟ್ಟು ಬೇಡ. ಗೆಜ್ಜೆಯ ತುಂಬ ಬೆಸುಗೆ ಇರುತ್ತದೆ, ಕರಗಿದಾಗ ಎಷ್ಟು ಶುದ್ಧ ಅಂತ ಹೇಳಲಾಗದ ಬೆಳ್ಳಿ ಸಿಗುತ್ತದೆ, ಬಡಿದರೆ ಬಿರುಕು ಬಿಡಬಹುದು. ಮೇಲಾಗಿ ಹಳೆಯ ಕೆಲಸವೊಂದು ಹೋಯಿತು. ಅದನ್ನು ಹಾಗೇ ಇಟ್ಟು, ಕೊಂಡಿ ಹೇಗೆ ಕೂಡಿಸಿದ್ದಾರೆ ಅಂತ ನೋಡಿ ಕಲಿಯಿರಿ. ಇನ್ನೊಂದು, ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವು.

ತಂದ ಬೆಳ್ಳಿಯಲ್ಲಿ ಒಂದು ಸಣ್ಣ ಚೂರನ್ನು ಬೇಕಂತಲೇ ಕರಗಿಸಿ. ಹುಚ್ಚು ಅನಿಸಬಹುದು, ಆದರೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಮಂದ ಕೆಂಪು, ಆಮೇಲೆ ಕೆಂಪು, ಆಮೇಲೆ ಅಂಚುಗಳು ಮೆತ್ತಗಾಗಿ ಮೇಲ್ಮೈ ಪಾದರಸದಂತೆ ಹೊಳೆದು ನಡುಗುತ್ತದೆ, ಮರುಕ್ಷಣ ಉಂಡೆಯಾಗುತ್ತದೆ. ಆ ಹೊಳಪನ್ನು ಒಮ್ಮೆ ಕಣ್ಣಾರೆ ಕಂಡವರು ಒಡವೆ ಕಾಯಿಸುವಾಗ ಅಲ್ಲಿಗೆ ಹೋಗುವ ಮೊದಲೇ ಕೈ ಹಿಂದೆ ತೆಗೆಯುತ್ತಾರೆ.

ಇನ್ನು 1ರಿಂದ 6ರವರೆಗಿನ ಹಂತಗಳನ್ನೇ ಬೆಳ್ಳಿಯಲ್ಲಿ ಮಾಡಿ. ಒಂದೇ ವ್ಯತ್ಯಾಸ: 925 ಬೆಳ್ಳಿ ಕೆಂಪಗೆ ಕಾದಿರುವಾಗಲೇ ನೀರಿಗೆ ಹಾಕಬೇಡಿ, ಕೆಂಪು ಆರಿ ಕಪ್ಪಾದ ಮೇಲೆ ಹಾಕಿ. ತುಂಬ ಹೊತ್ತು ಕಾಯಿಸಿದರೆ ಒಳಗಿನ ತಾಮ್ರ ಸುಟ್ಟು, ಪಾಲಿಶ್ ಮಾಡುವಾಗ ಬೂದಿ-ನೇರಳೆ ಕಲೆ ಕಾಣುತ್ತದೆ. ಹುಳಿ ನೀರಿಗೂ ಅದು ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು.

ತಾಮ್ರದ ಅರಪುಡಿ ಬೇರೆ, ಬೆಳ್ಳಿಯ ಅರಪುಡಿ ಬೇರೆ ಡಬ್ಬಿಯಲ್ಲಿಡಿ. ತೊಡೆಯ ಮೇಲೆ ಒಂದು ದಪ್ಪ ಬಟ್ಟೆ ಹಾಸಿಕೊಂಡು ಕೂತರೆ ಪುಡಿ ನೆಲಕ್ಕೆ ಬೀಳುವುದಿಲ್ಲ. ಅಕ್ಕಸಾಲಿಗರ ಓಣಿಯ ಮಣ್ಣು ತೊಳೆದು ಚಿನ್ನ-ಬೆಳ್ಳಿ ತೆಗೆದು ಬದುಕುವ ಜಲಗಾರರು ಇದ್ದಾರೆ ಅಂದರೆ ಆ ಪುಡಿಯ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ.

8. ಹೊಳಪು

ಎಮರಿ ಕಾಗದ 400, 600, 1000 ಹೀಗೆ ಒರಟಿನಿಂದ ನಯಕ್ಕೆ. ಪ್ರತಿ ಕಾಗದವನ್ನು ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ. ಹಳೆ ಗೀರು ಪೂರ್ತಿ ಹೋದ ಮೇಲೆ ಮಾತ್ರ ಮುಂದಿನ ಕಾಗದ. ಕೊನೆಗೆ ಅಂಟುವಾಳಕಾಯಿ ನೆನೆಸಿದ ನೀರು, ಮೆತ್ತನೆಯ ಹಿತ್ತಾಳೆ ಬ್ರಷ್. ಪಾಲಿಶ್ ಯಂತ್ರ ಈಗಲೇ ಬೇಡ. ಅದು ಉಂಗುರವನ್ನು ಕೈಯಿಂದ ಕಿತ್ತು ಎಸೆಯುತ್ತದೆ.

9. ಪತ್ತಾರರ ಹತ್ತಿರ ಕೂರಿ

ಇಷ್ಟು ಮಾಡಿದ ಮೇಲೆ ಒಬ್ಬ ಪತ್ತಾರರ ಹತ್ತಿರ ಕೆಲವು ದಿನ ಕೂತು ನೋಡುವುದು ಯಾವ ಕೋರ್ಸಿಗಿಂತ ಮೇಲು. ಹೊತ್ತು ನೋಡಿ ಕೇಳಿ. ಅಕ್ಷಯ ತೃತೀಯ, ದೀಪಾವಳಿ, ಮದುವೆ ಸೀಸನ್‌ನಲ್ಲಿ ಹೋದರೆ ಅವರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಡಿಮೆ. ಆಗ ಹೋಗಿ. ಬರಿಗೈಲಿ ಹೋಗಿ "ಕಲಿಸಿ" ಅನ್ನಬೇಡಿ. ನೀವು ಮಾಡಿದ್ದನ್ನು, ಕೆಟ್ಟದ್ದನ್ನೂ ಸೇರಿಸಿ, ಒಯ್ದು ತೋರಿಸಿ. ಕೆಟ್ಟ ಬೆಸುಗೆ ನೋಡಿದರೆ ಸಾಕು, ನಿಮ್ಮ ಜ್ವಾಲೆ ಎಲ್ಲಿ ನಿಂತಿತ್ತು ಅಂತ ಅವರು ಹೇಳುತ್ತಾರೆ. ಅವರ ಹೊತ್ತಿಗೆ ದುಡ್ಡು ಕೊಡಿ.

ಒಂದು ದಿನ ಬಿಡುವು ಮಾಡಿಕೊಂಡು ನಿಪ್ಪಾಣಿ ಆಚೆ ಕೊಲ್ಹಾಪುರ ಜಿಲ್ಲೆಯ ಹುಪರಿಗೂ ಹೋಗಿ ಬನ್ನಿ. ಬೆಳ್ಳಿ ಕಾಲ್ಗೆಜ್ಜೆಗೆ ಹೆಸರಾದ ಊರು ಅದು. ಕೊಂಡಿ, ಗೆಜ್ಜೆಯ ಕೆಲಸ ನೋಡಬೇಕೆಂದರೆ ಅಲ್ಲೇ ನೋಡಬೇಕು.

ಲಿಂಗದ ಕರಡಿಗೆ, ಅಂದರೆ ಇಷ್ಟಲಿಂಗ ಇಡುವ ಟೊಳ್ಳು ಡಬ್ಬಿ, ಮಾಡಬೇಕು ಅನ್ನುವ ಆಸೆ ಅನೇಕರಿಗೆ. ಒಳ್ಳೆಯ ಆಸೆ, ಆದರೆ ಕಡಗ, ಸರಪಳಿ ಆದ ಮೇಲೆ. ಟೊಳ್ಳಾದ ಒಡವೆಯನ್ನು ಪೂರ್ತಿ ಮುಚ್ಚಿ ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ಸಿಡಿಯುತ್ತದೆ. ಗಾಳಿಗೊಂದು ಸಣ್ಣ ತೂತು ಬಿಡಲೇಬೇಕು. ಇಂಥ ಕೆಲಸವನ್ನು ಮೊದಲ ಸಲ ಬಲ್ಲವರ ಎದುರಿಗೇ ಮಾಡಿ.

10. ಮಾರುವ ಯೋಚನೆ ಇದ್ದರೆ

ಗೆಳತಿಯರಿಗೆ ಮಾಡಿಕೊಡುವುದು ಬೇರೆ, ಅಂಗಡಿ ಇಡುವುದು ಬೇರೆ. 925 ಅಂತ ಪಂಚ್ ತಂದು ನೀವೇ ಹೊಡೆಯಬೇಡಿ. ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಅಧಿಕೃತ ಮುದ್ರೆ ಬೇಕಿದ್ದರೆ ಬಿಐಎಸ್‌ನಲ್ಲಿ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಮಾಡಿಸಿ, ಮಾನ್ಯತೆ ಇರುವ ಕೇಂದ್ರಕ್ಕೆ ಒಡವೆ ಕೊಡಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕ್‌ಗೂ ಎಚ್‌ಯುಐಡಿ ಬಂದಿದೆ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆ ಆರು ಅಂಕಿ-ಅಕ್ಷರಗಳ ಗುರುತು. ಕೊಳ್ಳುವವರು ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆಯೂ ಕೇಳುತ್ತೀರಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರ ಕೆಲಸವೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿನ ಸಾಲ 1 ಲಕ್ಷದವರೆಗೆ. ಆದರೆ ಇದು ಈಗಾಗಲೇ ಕೈಕಸುಬಿನಿಂದ ಬದುಕುತ್ತಿರುವವರಿಗೆ, ಹವ್ಯಾಸಕ್ಕೆ ಕಲಿಯುವವರಿಗಲ್ಲ. ನಿಮ್ಮದು ಪತ್ತಾರ ಮನೆತನವಾಗಿ, ಈಗ ಅದೇ ಕೆಲಸದಲ್ಲಿದ್ದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಹಿಡಿದು ಹತ್ತಿರದ ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರಕ್ಕೆ ಹೋಗಿ. ಹಳ್ಳಿಯವರ ಅರ್ಜಿಯನ್ನು ಮೊದಲು ಪರಿಶೀಲಿಸುವುದು ಗ್ರಾಮ ಪಂಚಾಯಿತಿ, ಹಾಗಾಗಿ ಅಲ್ಲೂ ಒಮ್ಮೆ ಮಾತಾಡಿ ಬನ್ನಿ.